ಐಟಿಐ ಆದಮೇಲೆ ಇನ್ನೊಂದು ಉಚಿತ ಕೋರ್ಸಾ? ಬೇಡ, ಅಪ್ರೆಂಟಿಸ್‌ಗೆ ಕಳಿಸಿ

ನಿಮ್ಮ ತಮ್ಮ ಐಟಿಐ ಫಿಟ್ಟರ್ ಮುಗಿಸಿ ಮನೆಯಲ್ಲಿದ್ದಾನೆ, ಮೂರು ತಿಂಗಳ ಉಚಿತ ಕೌಶಲ ತರಬೇತಿಗೆ ಸೇರಿಸಲಾ ಅಂತ ಕೇಳಿದ್ದೀರಿ. ನಾನೂ ಫಿಟ್ಟರೇ. ಊರು ರಾಯಚೂರು ಕಡೆ, ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಐಟಿಐ ಮುಗಿಯುತ್ತಿದ್ದಂತೆ ಒಬ್ಬ ಕಂಟ್ರಾಕ್ಟರ್ ಹಿಂದೆ ಬಂದು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ 'ಟ್ರೈನಿ' ಅಂತ ಸೇರಿದೆ.

ಕೆಟ್ಟಿದ್ದೇ ಅಲ್ಲಿ. ಆಗಲೇ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಅರ್ಜಿ ಕರೆದಿದ್ದರು. ಅದಕ್ಕೆ ಪರೀಕ್ಷೆಯೂ ಇಲ್ಲ. ಎಸ್ಸೆಸ್ಸೆಲ್ಸಿ, ಐಟಿಐ ಅಂಕ ನೋಡಿ ಪಟ್ಟಿ ಮಾಡುತ್ತಾರೆ. ನನ್ನ ಅಂಕ ಚೆನ್ನಾಗಿಯೇ ಇತ್ತು. ಆದರೆ ಅಪ್ರೆಂಟಿಸ್‌ಗೆ ತಿಂಗಳಿಗೆ ಕೊಡುವ ಭತ್ಯೆ, ಅಂದರೆ ಸ್ಟೈಪೆಂಡಿಗಿಂತ ಕಂಟ್ರಾಕ್ಟರ್ ಸ್ವಲ್ಪ ಜಾಸ್ತಿ ಕೊಡುತ್ತಿದ್ದ, ಮನೆಯಲ್ಲಿ ಸಾಲ ಬೇರೆ. ಟ್ರೈನಿ ಆದರೇನು, ಅಪ್ರೆಂಟಿಸ್ ಆದರೇನು, ಎರಡೂ ಕಲಿಯೋದೇ ಅಲ್ವಾ ಅಂದುಕೊಂಡೆ.

ಅಲ್ಲ. ಅಪ್ರೆಂಟಿಸ್ ಅನ್ನೋದು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕೆಲಸದ ಜಾಗದಲ್ಲೇ ಕಲಿಯುವುದು. ಕರಾರು ನೋಂದಣಿ ಆಗುತ್ತದೆ, ಕೊನೆಗೆ ಪರೀಕ್ಷೆ ಇರುತ್ತದೆ, ಪಾಸಾದರೆ ಎನ್‌ಎಸಿ ಅನ್ನುವ ರಾಷ್ಟ್ರೀಯ ಪ್ರಮಾಣಪತ್ರ. ಕಂಟ್ರಾಕ್ಟರ್ ಟ್ರೈನಿಗೆ ಇದ್ಯಾವುದೂ ಇಲ್ಲ. ಇಡೀ ಶಿಫ್ಟ್ ನಾನು ಮಾಡಿದ್ದು ಮೆಷಿನ್‌ಗೆ ಜಾಬ್ (ಕೊರೆಯಬೇಕಾದ ಲೋಹದ ತುಂಡು) ಹಾಕುವುದು, ತೆಗೆಯುವುದು, ಏರ್ ಗನ್‌ನಿಂದ ಗಾಳಿ ಹೊಡೆಯುವುದು, ಅಂಚಿನ ಚೂಪು ಬರ್ ಕೆರೆಯುವುದು. ಅಳತೆಯ ಸಾಧನ ವರ್ನಿಯರ್ ಇರುತ್ತಿದ್ದುದು ಸೂಪರ್‌ವೈಸರ್ ಡ್ರಾಯರ್‌ನಲ್ಲಿ, ಬೀಗದ ಒಳಗೆ. ಅಳತೆ ನೋಡೋಣ ಅಂತ ಕೇಳಿದರೆ 'ನಿನಗ್ಯಾಕೋ ಅದು' ಅನ್ನುತ್ತಿದ್ದರು. ಆರ್ಡರ್ ಕಡಿಮೆಯಾದಾಗ ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಕೈಯಲ್ಲಿ ಒಂದು ಚೀಟಿಯೂ ಉಳಿಯಲಿಲ್ಲ.

ಹುಬ್ಬಳ್ಳಿಗೆ ಹೋದ ನನ್ನ ಬ್ಯಾಚ್‌ಮೇಟ್ ಈಗ ರೈಲ್ವೆಯಲ್ಲಿದ್ದಾನೆ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಎಲ್ಲಕ್ಕಿಂತ ಕೆಳಗಿನ ದರ್ಜೆ) ಹುದ್ದೆಗಳಲ್ಲಿ 20% ಮೀಸಲಿದೆ, ಅದರಲ್ಲಿ ಹೋದ. ನನಗೆ ಇದು ಗೊತ್ತಾಗುವ ಹೊತ್ತಿಗೆ ರೈಲ್ವೆ ಅಪ್ರೆಂಟಿಸ್‌ಗೆ ಅರ್ಜಿ ಹಾಕುವ ವಯಸ್ಸೇ ದಾಟಿತ್ತು. ಸಾಮಾನ್ಯ ಮಿತಿ 24, ಹಿಂದುಳಿದವರಿಗೆ, ಪರಿಶಿಷ್ಟರಿಗೆ ಸ್ವಲ್ಪ ಸಡಿಲ.

ಹಾಗಾಗಿ 'ಯಾವ ಕೋರ್ಸ್' ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಮ್ಮಂಥ ಮನೆಯ ಹುಡುಗರಿಗೆ ಕೋರ್ಸ್ ಕಡಿಮೆಯಾಗಿಲ್ಲ. ಕಡಿಮೆ ಇರುವುದು ನಿಜವಾದ ಮೆಷಿನ್ ಮುಂದೆ ಒಂದು ವರ್ಷ ನಿಂತು ಕಲಿಯುವ ಜಾಗ, ಆ ವರ್ಷ ನಗರದಲ್ಲಿ ಬದುಕುವಷ್ಟು ದುಡ್ಡು. ಹಳ್ಳಿಯ ಬಡ ಹುಡುಗರಿಗೆ ಉಚಿತವಾಗಿ ಕೆಲಸ ಕಲಿಸುವ ಕೇಂದ್ರ ಸರ್ಕಾರದ ಯೋಜನೆ ಡಿಡಿಯು-ಜಿಕೆವೈ; ಅದರ ತರಬೇತಿ ಕೇಂದ್ರಗಳು 70% ಜನರಿಗೆ ಕೆಲಸ ಕೊಡಿಸಬೇಕು ಅಂತ ನಿಯಮವೇನೋ ಇದೆ. ಆದರೆ ಕೆಲವೇ ತಿಂಗಳು ಕೆಲಸದಲ್ಲಿ ನಿಂತರೆ ಲೆಕ್ಕಕ್ಕೆ ಬಂತು. ನನ್ನನ್ನು ಕೇಳಿದರೆ ಲೆಕ್ಕ ಒಂದು ವರ್ಷದ್ದಾಗಬೇಕು, ಅಂಥ ಕೋರ್ಸ್ ಕಡಿಮೆ ಮಾಡಿ ಉಳಿಸಿದ ದುಡ್ಡು ಅಪ್ರೆಂಟಿಸ್ ಹುಡುಗರ ಹಾಸ್ಟೆಲ್‌ಗೆ ಹೋಗಬೇಕು. (ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವರ ಮಾತು ಬೇರೆ, ಅವರಿಗೆ ಆ ಕೋರ್ಸ್ ಸರಿ.)

30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. ಹಾಗಾಗಿ ಎಚ್‌ಎಎಲ್, ರೈಲ್ವೆ ಅಂತಲೇ ಕಾಯಬೇಕಿಲ್ಲ, ಖಾಸಗಿ ಕಾರ್ಖಾನೆಯಲ್ಲೂ ಕೇಳಬಹುದು. ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ 25%, 1,500 ರೂಪಾಯಿವರೆಗೆ, 2023ರಿಂದ ಹುಡುಗನ ಖಾತೆಗೇ ಬೀಳುತ್ತಿದೆ. ಸಾಲದಿದ್ದರೆ ರೂಮ್ ಬಾಡಿಗೆಗೆ ನೀವೊಂದಿಷ್ಟು ಕಳಿಸಿ. ಸೇರುವ ದಿನವೇ ಕರಾರಿನ ನೋಂದಣಿ ಸಂಖ್ಯೆ ಕೇಳಲಿ. 'ಅದೆಲ್ಲ ಆಮೇಲೆ ಮಾಡೋಣ' ಅಂದರೆ ಬ್ಯಾಗ್ ಎತ್ತಿಕೊಂಡು ಬರಲಿ.