ಮರ್ಸಿನರಿ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಮರ್ಸಿನರಿ ಅಂದರೆ ಬಾಡಿಗೆ ಸೈನಿಕ. ಮೂಲದಲ್ಲಿರುವುದು ಲ್ಯಾಟಿನ್ನಿನ ‘ಮರ್ಸೆಸ್’, ಅಂದರೆ ಕೂಲಿ. ದೊರೆ ಯಾರೇ ಇರಲಿ, ದುಡ್ಡು ಕೊಟ್ಟವರ ಪರ ಹೋರಾಡುವವನು.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ನೋಡಿದ್ದೀರಾ? ಅಲ್ಲಿ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ. ಅದು ಸ್ವಿಸ್ ಪಡೆ. ಸಿಲೋನಿನಲ್ಲಿ ಡಚ್ಚರ ಸಂಬಳ ತಿನ್ನುತ್ತಿದ್ದವರು 1795ರಲ್ಲಿ ಬ್ರಿಟಿಷರ ಕಡೆ ಸೇರಿಕೊಂಡರು. 1799ರಲ್ಲಿ ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದವರಲ್ಲಿ ಇವರೂ ಇದ್ದರು. ಸ್ವಿಟ್ಜರ್ಲೆಂಡಿಗೂ ಟಿಪ್ಪುವಿಗೂ ಏನು ಜಗಳ, ಹೇಳಿ!

ಸೈನ್ಯದ ಹೊರಗೆ ಬಳಸಿದರೆ ಈ ಪದ ಬೈಗುಳವೇ. ‘ಕಾಸು ಬಿಚ್ಚಿದರಷ್ಟೇ ಕೆಲಸ ಮಾಡೋನು’ ಅನ್ನುವ ಧಾಟಿ. ಆದರೆ ಜಾಸ್ತಿ ಸಂಬಳಕ್ಕೆ ಕಂಪನಿ ಬದಲಿಸಿದವನನ್ನು ಸುಮ್ನೆ ಹೀಗೆ ಕರೆಯಬೇಡಿ. ಅವನಿಗೂ ಮನೆ ಸಾಲದ ಕಂತು ಇರುತ್ತದೆ ಅಲ್ವಾ?