ಹಳೆ ಅಂಬಾಸಿಡರ್‌ಗೆ ಯಾವ ಅಗ್ನಿನಂದಕ?

ಪ್ರಶ್ನೆ: ತಂದೆಯವರ ಕಾಲದ 1978ರ ಪೆಟ್ರೋಲ್ ಅಂಬಾಸಿಡರ್ ನಮ್ಮಲ್ಲಿ ಇನ್ನೂ ಓಡುತ್ತಿದೆ. ನಂದಿ ಬೆಟ್ಟ, ವಿದುರಾಶ್ವತ್ಥದ ಕಡೆ ಆಗಾಗ ತೆಗೆದುಕೊಂಡು ಹೋಗುತ್ತೇವೆ. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಬೇಕೆಂದಿದ್ದೇನೆ. ಪೌಡರ್ ಹೊಡೆದರೆ ಎಂಜಿನ್ ಕೆಡುತ್ತದೆ, ಸಿಒ2 ತಗೋ ಎಂದು ಗೆಳೆಯರು ಹೇಳುತ್ತಾರೆ. ಅಂಗಡಿಯವರು ಎಬಿಸಿ ಪೌಡರ್ ಸಾಕು ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಅರ್ಧ ಲೀಟರಿನ ಸ್ಪ್ರೇ ಡಬ್ಬಿಗಳೂ ಇವೆ. ಯಾವುದು ಸರಿ? ಎಲ್ಲಿ ಇಡಬೇಕು?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಒಂದೇ ಕೊಳ್ಳುವುದಾದರೆ ಐಎಸ್‌ಐ ಗುರುತಿರುವ, ಐಎಸ್ 15683 ಎಂದು ಅಚ್ಚಾಗಿರುವ 2 ಕೆಜಿ ಎಬಿಸಿ ಪೌಡರ್ ಕೊಳ್ಳಿ. ಎರಡಕ್ಕೆ ಹಣವಿದ್ದರೆ ಮುಂದಿನ ಸೀಟಿನ ಬಳಿ 2 ಕೆಜಿ ಕ್ಲೀನ್ ಏಜೆಂಟ್ (ಕೊಳೆ ಉಳಿಸದೆ ಆವಿಯಾಗುವ ರಾಸಾಯನಿಕ), ಹಿಂದಿನ ಸೀಟಿನ ಕಾಲ ಬಳಿ ಪೌಡರ್ ಇಡಿ. ಸಿಒ2 ಬೇಡ. ಸ್ಪ್ರೇ ಡಬ್ಬಿಯಂತೂ ಬೇಡವೇ ಬೇಡ.

ನಿಮ್ಮ ಗಾಡಿಯಲ್ಲಿ ಮೊದಲು ಉರಿಯುವುದು ಏನು ಎಂಬುದರಿಂದ ಈ ಆಯ್ಕೆ ಹುಟ್ಟುತ್ತದೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕಬ್ಬಿಣದ ಕೊಳವೆ) ಎರಡೂ ಒಂದೇ ಪಕ್ಕದಲ್ಲಿವೆ, ಕಾರ್ಬುರೇಟರ್ ಮೇಲೆ, ಮ್ಯಾನಿಫೋಲ್ಡ್ ಕೆಳಗೆ. ಕಾರ್ಬುರೇಟರಿನ ಫ್ಲೋಟ್ ಚೇಂಬರಿಗೆ ಪೆಟ್ರೋಲ್ ಬರುವುದನ್ನು ತಡೆಯುವ ನೀಡಲ್ ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ಉಕ್ಕಿ ನೇರವಾಗಿ ಕಾದ ಕಬ್ಬಿಣದ ಮೇಲೆ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲು ಎದುರಿಸಬೇಕಾದದ್ದು ಪೆಟ್ರೋಲ್ ಬೆಂಕಿ, ಅಂದರೆ ಬಿ ವರ್ಗ. ಬೆಂಕಿ ಒಳಗೆ ನುಗ್ಗಿದರೆ ರೆಕ್ಸಿನ್, ಕಾರ್ಪೆಟ್, ಸೀಟಿನೊಳಗಿನ ತೆಂಗಿನ ನಾರು ಹತ್ತಿಕೊಳ್ಳುತ್ತವೆ. ಅದು ಎ ವರ್ಗ. ನಾರಿನ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡವಾಗಿರುತ್ತದೆ. ಮೊನೋ ಅಮೋನಿಯಂ ಫಾಸ್ಫೇಟ್ ಇರುವ ಎಬಿಸಿ ಪೌಡರ್ ಬಿಸಿಗೆ ಕರಗಿ ಕೆಂಡದ ಮೇಲೆ ಪದರ ಕಟ್ಟುವುದರಿಂದ ಎರಡೂ ವರ್ಗಕ್ಕೆ ಕೆಲಸ ಮಾಡುತ್ತದೆ. ಸೋಡಿಯಂ ಬೈಕಾರ್ಬನೇಟ್ ಇರುವ ಬಿ-ಸಿ (ಪೆಟ್ರೋಲ್ ಮತ್ತು ಅನಿಲ ಬೆಂಕಿಯ) ಪೌಡರ್ ಲೋಹಕ್ಕೆ ಕಡಿಮೆ ಹಾನಿ ಮಾಡುತ್ತದೆ ನಿಜ, ಆದರೆ ಸೀಟಿನ ಬೆಂಕಿಗೆ ಅದು ಸಾಲದು.

ಸಿಒ2 ಏಕೆ ಬೇಡ? ಎಂಜಿನ್ ಹಾಳಾಗುವುದಿಲ್ಲ ಎಂಬ ಮಾತು ಸರಿ. ಆದರೆ ಈ ಅನಿಲ ಬೆಂಕಿಯ ಸುತ್ತ ನಿಂತು ಗಾಳಿಯನ್ನು ಹೊರದಬ್ಬಿದರೆ ಮಾತ್ರ ಬೆಂಕಿ ಆರುತ್ತದೆ. ನಂದಿ ಘಾಟಿಯ ತಿರುವಿನಲ್ಲಿ ಬೀಸುವ ಗಾಳಿಗೆ, ಕೆಳಗೆ ಪೂರಾ ತೆರೆದಿರುವ ಎಂಜಿನ್ ಜಾಗದಲ್ಲಿ ಅದು ಕ್ಷಣದಲ್ಲಿ ಚದುರುತ್ತದೆ. ಅದು ಕಾದ ಲೋಹವನ್ನು ಹೆಚ್ಚೇನೂ ತಣಿಸುವುದಿಲ್ಲ, ಹೀಗಾಗಿ ಪೆಟ್ರೋಲ್ ಆವಿ ಮತ್ತೆ ಹತ್ತಿಕೊಳ್ಳುತ್ತದೆ. ಸಿಲಿಂಡರಿನ ಅಗಲ ಬಾಯಿಯ ಕೊಳವೆಯಿಂದ ಒಂದೆರಡು ಮೀಟರಿನಾಚೆಗೆ ಅದರ ಬಲವಿಲ್ಲ, ಅಂದರೆ ಬೆಂಕಿಗೆ ತೀರಾ ಹತ್ತಿರ ಹೋಗಬೇಕು. 2 ಕೆಜಿ ಅನಿಲಕ್ಕೆ ಉಕ್ಕಿನ ಸಿಲಿಂಡರ್ ಸೇರಿ 5 ಕೆಜಿಗೂ ಹೆಚ್ಚು ಭಾರ. 31 ಡಿಗ್ರಿ ದಾಟಿದರೆ ಒಳಗಿನ ದ್ರವವೆಲ್ಲ ಅನಿಲವಾಗಿ ಒತ್ತಡ ಕಡಿದಾಗಿ ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಇಡುವ ವಸ್ತು ಅದಲ್ಲ. ಅದಕ್ಕೆ ಸರಿಯಾದ ಜಾಗ ಸ್ವಿಚ್ ಬೋರ್ಡ್ ಕೋಣೆ.

ಕ್ಲೀನ್ ಏಜೆಂಟ್ ಎಂದರೆ ಎಚ್‌ಎಫ್‌ಸಿ-236ಎಫ್‌ಎ ಅಥವಾ ಎಫ್‌ಕೆ-5-1-12 ತುಂಬಿದ್ದು. ಹಿಂದೆ ಹ್ಯಾಲಾನ್ 1211 ಇದೇ ಕೆಲಸ ಮಾಡುತ್ತಿತ್ತು. ಓಝೋನ್ ಪದರಕ್ಕೆ ಹಾನಿಯೆಂದು ಮಾಂಟ್ರಿಯಲ್ ಒಪ್ಪಂದದಡಿ ಅದರ ತಯಾರಿಕೆ ನಿಂತಿದೆ, ಯಾರಾದರೂ ಹಳೆ ಸಿಲಿಂಡರ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಕ್ಲೀನ್ ಏಜೆಂಟ್ ಹೊಡೆದ ಮೇಲೆ ಒರೆಸುವ ಕೆಲಸವೇ ಇಲ್ಲ, ಕಾರ್ಬುರೇಟರ್, ಡೈನಮೋ, ವೈರಿಂಗ್ ಹಾಗೇ ಉಳಿಯುತ್ತವೆ. ಬೆಲೆ ಪೌಡರ್‌ನ ಹಲವು ಪಟ್ಟು. ಬೆಂಕಿಯ ಮೊದಲ ಕೆಲವು ಸೆಕೆಂಡಿಗೆ ಇದು ಒಳ್ಳೆಯದು. ಬೆಂಕಿ ಬಲಿತ ಮೇಲೆ ತಣಿಸುವ ಶಕ್ತಿ ಸಾಲದು, ಜೊತೆಗೆ ಉರಿಯಲ್ಲಿ ಒಡೆದು ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಬಿಡುತ್ತದೆ. ಆದ್ದರಿಂದ ಕಾರಿನೊಳಗೆ ಕೂತು ಹೊಡೆಯಬೇಡಿ. ಇದೊಂದನ್ನೇ ನಂಬಿಕೊಳ್ಳಬೇಡಿ ಎನ್ನುವುದೂ ಇದಕ್ಕೇ. ಪೌಡರ್ ಕೊಳೆಗೆ ಹೆದರಿ ಕಾರನ್ನೇ ಸುಟ್ಟುಕೊಳ್ಳುವುದು ಬೇಡ.

ಫೋಮ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಸಾಮಾನ್ಯ ಎಎಫ್‌ಎಫ್‌ಎಫ್ ಫೋಮ್‌ನ ನೀರನ್ನು ಎಥೆನಾಲ್ ಹೀರಿ ನೊರೆಯನ್ನು ಒಡೆಯುತ್ತದೆ. ಕೊಳ್ಳಲೇಬೇಕೆಂದರೆ ಆಲ್ಕೋಹಾಲ್ ತಡೆಯುವ ಬಗೆಯದೇ ಬೇಕು.

ಸ್ಪ್ರೇ ಡಬ್ಬಿಯಲ್ಲಿ ಒತ್ತಡ ತೋರಿಸುವ ಗೇಜ್ ಇರುವುದಿಲ್ಲ, ಮತ್ತೆ ತುಂಬಿಸಲೂ ಆಗದು. ಒಳಗೆ ಒತ್ತಡ ಉಳಿದಿದೆಯೇ ಎಂದು ನಿಮಗೆ ತಿಳಿಯುವುದು ಬೆಂಕಿ ಬಿದ್ದ ದಿನವೇ.

ಕೊಳ್ಳುವಾಗ ನೋಡಬೇಕಾದ್ದು: ಗೇಜ್ ಮುಳ್ಳು ಹಸಿರಿನಲ್ಲಿರಬೇಕು, ಲೋಹದ ವಾಲ್ವ್ ಇರಬೇಕು, ತಯಾರಾದ ವರ್ಷ ಅಚ್ಚಾಗಿರಬೇಕು. ಬಿ ಅಕ್ಷರದ ಜೊತೆಗಿರುವ ಅಂಕಿ ದೊಡ್ಡದಿದ್ದಷ್ಟೂ ದೊಡ್ಡ ಪೆಟ್ರೋಲ್ ಬೆಂಕಿ ಆರಿಸುವ ಶಕ್ತಿ. ಲೇಬಲ್ ಮೇಲಿನ ಗರಿಷ್ಠ ತಾಪಮಾನ 55 ಅಥವಾ 60 ಡಿಗ್ರಿ ಇದೆಯೇ ಓದಿ. 2 ಕೆಜಿಯದರಲ್ಲಿ ಚಿಕ್ಕ ಹೋಸ್ ಇದ್ದರೆ ಇನ್ನೂ ಒಳ್ಳೆಯದು, ಬಾನೆಟ್ ಸಂದಿಗೆ ತೂರಿಸಬಹುದು.

ಇಡುವ ಜಾಗ ಡಿಕ್ಕಿಯಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಅಲ್ಲೇ, ಮೇಲಾಗಿ ಗಾಬರಿಯಲ್ಲಿ ಡಿಕ್ಕಿಯ ಬೀಗ ತೆಗೆಯುತ್ತಾ ನಿಲ್ಲಲಾಗದು. ಮುಂದಿನ ಸೀಟಿನ ಅಂಚಿಗೆ, ಬಾಗಿಲು ತೆರೆದು ಹೊರನಿಂತರೂ ಕೈಗೆ ಸಿಗುವಂತೆ ಲೋಹದ ಬ್ರ್ಯಾಕೆಟ್‌ನಲ್ಲಿ ಕೂರಿಸಿ. ಪ್ಲಾಸ್ಟಿಕ್ ಬ್ರ್ಯಾಕೆಟ್ ಮುರಿದು ಸಿಲಿಂಡರ್ ಪೆಡಲ್ ಕೆಳಗೆ ಉರುಳಿದರೆ ಬ್ರೇಕ್ ಒತ್ತಲಾಗದು. ಶೀಟಿಗೆ ಸ್ಕ್ರೂ ಹೊಡೆದರೆ ಸಾಲದು. ಆರಪಾರ ಬೋಲ್ಟ್, ಕೆಳಗಿನಿಂದ ಅಗಲ ವಾಷರ್, ಕುಲುಕಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ. ಡ್ರಿಲ್ ಮಾಡುವ ಮೊದಲು ಗಾಡಿಯ ಕೆಳಗೆ ಮಲಗಿ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರು ಎಲ್ಲಿ ಹಾದಿವೆ ನೋಡಿ. ತೂತಿನ ಅಂಚಿಗೆ ರೆಡಾಕ್ಸೈಡ್ ಬಳಿಯಿರಿ, ಇಲ್ಲವಾದರೆ ತುಕ್ಕು ಅಲ್ಲಿಂದಲೇ ಶುರು.

ಬೆಂಕಿ ಕಂಡರೆ ಗಾಡಿ ಪಕ್ಕಕ್ಕೆ ಹಾಕಿ ಇಗ್ನಿಷನ್ ಆಫ್ ಮಾಡಿ. ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಎಂಜಿನ್ ಜೊತೆಗೇ ನಿಲ್ಲುತ್ತದೆ. ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಒಬ್ಬರು 112ಕ್ಕೆ ಫೋನ್ ಮಾಡಲಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ಸೇಫ್ಟಿ ಕ್ಯಾಚ್‌ವರೆಗೆ ಮಾತ್ರ ಬಿಡಿಸಿ ಸಂದಿಯಿಂದ ಹೊಡೆಯಿರಿ. ಗಾಳಿಗೆ ಬೆನ್ನು ಮಾಡಿ, ಜ್ವಾಲೆಯ ಬುಡಕ್ಕೆ, ಅತ್ತಿತ್ತ ಆಡಿಸುತ್ತಾ. ಸಿಲಿಂಡರ್ ಖಾಲಿಯಾಗಲು ಹತ್ತು ಸೆಕೆಂಡಿನ ಆಸುಪಾಸು ಸಾಕು, ಆದ್ದರಿಂದ ಬಿಟ್ಟುಬಿಟ್ಟು ಹೊಡೆದು ಸ್ವಲ್ಪ ಉಳಿಸಿಕೊಳ್ಳಿ, ಮತ್ತೆ ಹತ್ತಿಕೊಂಡಾಗ ಬೇಕಾಗುತ್ತದೆ. ಬಾನೆಟ್ ಮೇಲಿನ ಬಣ್ಣ ಆಗಲೇ ಗುಳ್ಳೆ ಎದ್ದಿದ್ದರೆ ಹತ್ತಿರವೇ ಹೋಗಬೇಡಿ. ಬೆಂಕಿ ನಿಮ್ಮ 2 ಕೆಜಿಯನ್ನು ಮೀರಿದೆ. ಕಾರು ಹೋದರೆ ಹೋಗಲಿ.

ಇಷ್ಟೆಲ್ಲ ಬೇಡವಾಗಲು ಬಾನೆಟ್ ಕೆಳಗೆ ಅರ್ಧ ದಿನದ ಕೆಲಸವಿದೆ. ಹಳೆ ರಬ್ಬರ್ ಪೆಟ್ರೋಲ್ ಹೋಸ್‌ಗಳನ್ನು ಎಥೆನಾಲ್ ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ, ಪಂಪ್‌ನ ಡಯಾಫ್ರಮ್‌ಗೂ ಅದೇ ಗತಿ. ಎಸ್‌ಎಇ ಜೆ30 ಆರ್9 ಎಂದು ಅಚ್ಚಿರುವ ಹೋಸ್ ಹಾಕಿಸಿ, ತಂತಿ ಸುತ್ತಿದ್ದರೆ ಕಿತ್ತು ಸ್ಕ್ರೂ ಕ್ಲಿಪ್ ಹಾಕಿ. ಮ್ಯಾನಿಫೋಲ್ಡ್ ಮೇಲೆ ನೇತಾಡುವ ಪ್ಲಾಸ್ಟಿಕ್ ಫಿಲ್ಟರನ್ನು ದೂರ ಸರಿಸಿ. ಬ್ಯಾಟರಿ ಅರ್ತ್ ತಂತಿಗೆ ಕಟ್‌ಆಫ್ ಸ್ವಿಚ್ ಇರಲಿ. ಇನ್ನೊಂದು ಮುಖ್ಯ ವಿಷಯ: ಘಾಟಿ ಏರುವಾಗ ಪೆಟ್ರೋಲ್ ಪೈಪಿನಲ್ಲೇ ಕುದಿದು ಎಂಜಿನ್ ನಿಂತರೆ, ಬಾಟಲಿ ಮುಚ್ಚಳದಲ್ಲಿ ಪೆಟ್ರೋಲ್ ತಂದು ಕಾರ್ಬುರೇಟರ್ ಬಾಯಿಗೆ ಸುರಿದು ಸ್ಟಾರ್ಟ್ ಮಾಡುವ ಅಭ್ಯಾಸ ಬಿಡಿ. ಒಂದು ಬ್ಯಾಕ್‌ಫೈರ್ ಆದರೆ ಕೈಯಲ್ಲಿರುವ ಬಾಟಲಿಯೇ ಹತ್ತಿಕೊಳ್ಳುತ್ತದೆ. ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಕಾಯಿರಿ.

ಪ್ರಶ್ನೆ: ಪದ್ಮಿನಿ ಕಾರಿನಲ್ಲಿ ಸಣ್ಣ ಬೆಂಕಿಗೆ ಎಬಿಸಿ ಪೌಡರ್ ಹೊಡೆದೆವು. ಎಂಜಿನ್ ಈಗ ಹಳದಿ ಪುಡಿಮಯ. ನೀರು ಹಾಕಿ ತೊಳೆಯಬಹುದೇ?
— ಓದುಗರು, ತುಮಕೂರು

ಉತ್ತರ: ಮೊದಲು ನೀರು ಮುಟ್ಟಿಸಬೇಡಿ, ಸ್ಟಾರ್ಟ್ ಕೂಡ ಮಾಡಬೇಡಿ. ಈ ಪುಡಿ ಒಣಗಿರುವಷ್ಟು ಹೊತ್ತು ಹೆಚ್ಚು ತೊಂದರೆಯಿಲ್ಲ, ತೇವ ತಗುಲಿದರೆ ಆಮ್ಲೀಯವಾಗಿ ಅಲ್ಯೂಮಿನಿಯಂ ಮತ್ತು ವೈರಿನ ತಾಮ್ರವನ್ನು ತಿನ್ನುತ್ತದೆ. ಬ್ಯಾಟರಿ ಬಿಚ್ಚಿ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಆದಷ್ಟು ತೆಗೆಯಿರಿ. ಕಂಪ್ರೆಸರ್ ಗಾಳಿ ಬಿಟ್ಟರೆ ಪುಡಿ ಡಿಸ್ಟ್ರಿಬ್ಯೂಟರ್‌ನೊಳಗೆ ಸೇರುತ್ತದೆ. ಕಾದ ಜಾಗದಲ್ಲಿ ಗಾಜಿನಂತೆ ಗಟ್ಟಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬಿಸಿನೀರು ಸಮಪಾಲು ಬೆರೆಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೆನೆಸಿ ಕೆರೆಯಿರಿ. ಕೊನೆಗೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಬಟ್ಟೆಯಿಂದ ಒರೆಸಿ, ಕೆಲವು ನಿಮಿಷ ಬಿಟ್ಟು ಸ್ವಚ್ಛ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಏರ್ ಫಿಲ್ಟರ್ ಹೊಸದು ಹಾಕಿ, ಕಾರ್ಬುರೇಟರ್ ಬಿಚ್ಚಿ ತೊಳೆಯಿಸಿ. ಇದನ್ನು ಒಂದೆರಡು ದಿನದೊಳಗೆ ಮುಗಿಸಿ, ಮಳೆಗಾಲದಲ್ಲಾದರೆ ಅದೇ ದಿನ. ಒಂದೇ ಒಂದು ಸಲ ಒತ್ತಿದ್ದರೂ ಆ ಸಿಲಿಂಡರನ್ನು ಮತ್ತೆ ತುಂಬಿಸಬೇಕು. ವಾಲ್ವ್‌ನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಸೋರಿಹೋಗುತ್ತದೆ.

ಪ್ರಶ್ನೆ: ಹಳೆ ಪೆಟ್ರೋಲ್ ಜೀಪಿನಲ್ಲಿ 1 ಕೆಜಿ ಸಿಲಿಂಡರ್ ಇಟ್ಟು ನಾಲ್ಕು ವರ್ಷವಾಯಿತು. ಮುಳ್ಳು ಹಸಿರಿನಲ್ಲೇ ಇದೆ. ಸಾಕಲ್ಲವೇ?
— ಓದುಗರು, ಕೋಲಾರ

ಉತ್ತರ: ಸಾಲದು. ಮುಳ್ಳು ಹೇಳುವುದು ಒತ್ತಡವನ್ನು ಮಾತ್ರ. ಜೀಪಿನ ಕುಲುಕಾಟಕ್ಕೆ ಪೌಡರ್ ತಳದಲ್ಲಿ ಇಟ್ಟಿಗೆಯಂತೆ ಕೂತಿದ್ದರೆ ಗಾಳಿ ಮಾತ್ರ ಹೊರಬರುತ್ತದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಂಗೈಯಿಂದ ತಟ್ಟಿ, ಒಳಗೆ ಪುಡಿ ಜಾರುವುದು ಕೈಗೆ ತಿಳಿಯಬೇಕು. ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕು, ನಿಮ್ಮದು ಆಗಲೇ ದಾಟಿದೆ. ಪೌಡರ್ ಸಿಲಿಂಡರಿನ ಆಯುಸ್ಸು ತಯಾರಾದ ದಿನದಿಂದ 10 ವರ್ಷ. ಜೀಪಿನಲ್ಲಿ ಟ್ಯಾಂಕ್ ಸೀಟಿನ ಕೆಳಗೇ ಇರುವುದರಿಂದ 2 ಕೆಜಿಗೆ ಬದಲಿಸಿ, ಅದನ್ನು ಸೀಟಿನ ಪಕ್ಕ ಇಡದೆ ಡ್ಯಾಶ್‌ಬೋರ್ಡ್ ಕೆಳಗೆ ಎಡಬದಿಗೆ ಕೂರಿಸಿ. ಇಳಿದು ಸುತ್ತಿ ಬಂದರೂ ಟ್ಯಾಂಕಿನ ಮೇಲೆ ಬಾಗದೆ ತೆಗೆಯುವಂತಿರಲಿ.