ಎಂಎಸ್ಸಿ ನ್ಯೂಟ್ರಿಷನ್ ಮಾಡಿದ್ರೆ ಡಯಟೀಷಿಯನ್ ಆಗಬಹುದಾ ಅಂತ ಕೇಳಿದ ದಾವಣಗೆರೆ ಹುಡುಗಿಗೆ

ಇಂಗ್ಲೆಂಡಲ್ಲಿ ಡಯಟೀಷಿಯನ್ ಆಗಿರೋ ನನ್ನನ್ನ ಅಕ್ಕಾ ಅಂತ ಕರೆದಿದ್ದೀಯ, ಹಂಗಾಗಿ ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ನೀನು ಕೇಳಿದ್ದು ಇಷ್ಟು: ದಾವಣಗೆರೇಲಿ ಫುಡ್ ಅಂಡ್ ನ್ಯೂಟ್ರಿಷನ್‌ನಲ್ಲಿ ಬಿಎಸ್ಸಿ ಮುಗೀತು, ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಿಂದ ಒಂದು ವರ್ಷದ ಎಂಎಸ್ಸಿ ಹ್ಯೂಮನ್ ನ್ಯೂಟ್ರಿಷನ್‌ಗೆ ಆಫರ್ ಬಂದಿದೆ, ಏಜೆಂಟು "ಮುಗಿಸಿದ ಮೇಲೆ ಎನ್‌ಎಚ್‌ಎಸ್ ಆಸ್ಪತ್ರೇಲಿ ಡಯಟೀಷಿಯನ್ ಆಗಬಹುದು" ಅಂತಿದಾನೆ (ಎನ್‌ಎಚ್‌ಎಸ್ ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ), ನಿಜಾನಾ? ಜೊತೆಗೆ ಚಳಿ, ಊಟ, ಪಾರ್ಟ್‌ಟೈಮ್ ಕೆಲಸದ ಬಗ್ಗೇನೂ ಕೇಳಿದೀಯ.

ನಿಜ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲಾ ಆಮೇಲಿನ ಮಾತು. ಇಲ್ಲಿ ಡಯಟೀಷಿಯನ್ ಅನ್ನೋ ಹೆಸರಿಗೆ ಕಾನೂನಿನ ಕಾವಲಿದೆ. ಎಚ್‌ಸಿಪಿಸಿ ಅಂತ ಒಂದು ಸಂಸ್ಥೆ ಇದೆ, ಅದರ ರಿಜಿಸ್ಟರಲ್ಲಿ ಹೆಸರಿಲ್ಲದೆ ಡಯಟೀಷಿಯನ್ ಅಂತ ಬೋರ್ಡ್ ಹಾಕ್ಕೊಂಡ್ರೆ ಅಪರಾಧ. ಆ ರಿಜಿಸ್ಟರಿಗೆ ಹೋಗಬೇಕಂದ್ರೆ ಅವರು ಅಪ್ರೂವ್ ಮಾಡಿರೋ ಡಯಟೆಟಿಕ್ಸ್ ಕೋರ್ಸೇ ಮಾಡಬೇಕು. ಎಂಎಸ್ಸಿ ಲೆವೆಲ್‌ನಲ್ಲಾದ್ರೆ ಅದಕ್ಕೆ ಪ್ರಿ-ರಿಜಿಸ್ಟ್ರೇಷನ್ ಅಂತಾರೆ, ಸಾಮಾನ್ಯವಾಗಿ ಎರಡು ವರ್ಷ, ಅದರಲ್ಲಿ ತಿಂಗಳುಗಟ್ಟಲೆ ಪ್ಲೇಸ್‌ಮೆಂಟ್, ಅಂದ್ರೆ ಆಸ್ಪತ್ರೇಲಿ ತರಬೇತಿ, ಇರುತ್ತೆ. ನಿನಗೆ ಬಂದಿರೋದು ಅದಲ್ಲ. ಹ್ಯೂಮನ್ ನ್ಯೂಟ್ರಿಷನ್, ಕ್ಲಿನಿಕಲ್ ನ್ಯೂಟ್ರಿಷನ್, ಪಬ್ಲಿಕ್ ಹೆಲ್ತ್ ನ್ಯೂಟ್ರಿಷನ್, ಹೆಸರು ಎಷ್ಟೇ ಚೆನ್ನಾಗಿರಲಿ, ಎಚ್‌ಸಿಪಿಸಿ ಲಿಸ್ಟಲ್ಲಿ ಇಲ್ಲ ಅಂದ್ರೆ ಇಲ್ಲ. ಆ ಲಿಸ್ಟು ಅವರ ವೆಬ್‌ಸೈಟಲ್ಲೇ ಇದೆ, ಏಜೆಂಟನ್ನ ಕೇಳೋ ಅಗತ್ಯಾನೇ ಇಲ್ಲ. ಇಂಡಿಯಾದಲ್ಲಿ ಡಯಟೆಟಿಕ್ಸ್ ಓದಿ ಆಸ್ಪತ್ರೆ ತರಬೇತಿ ಮುಗಿಸಿದವರು ಅಲ್ಲಿಂದಾನೇ ಎಚ್‌ಸಿಪಿಸಿಗೆ ಅರ್ಜಿ ಹಾಕೋ ದಾರೀನೂ ಇದೆ, ಆದ್ರೆ ಓದಿದ ಪಠ್ಯ, ತರಬೇತಿ ಎಲ್ಲಾ ಇಲ್ಲಿನದಕ್ಕೆ ಹೋಲಿಸಿ ನೋಡ್ತಾರೆ, ಬರೀ ಬಿಎಸ್ಸಿ ಮೇಲೆ ಅದು ಕಷ್ಟ.

ಹಂಗಂತ ನ್ಯೂಟ್ರಿಷನ್ ಓದಿದ್ರೆ ಬೀದಿಗೆ ಬೀಳ್ತೀಯ ಅಂತಲ್ಲ. ನ್ಯೂಟ್ರಿಷನಿಸ್ಟ್ ಅನ್ನೋ ಹೆಸರಿಗೆ ಇಲ್ಲಿ ಕಾನೂನು ಇಲ್ಲ, ನಾಳೆ ಬೆಳಿಗ್ಗೆ ಜಿಮ್ ಮೇಷ್ಟ್ರೂ ಹಾಕ್ಕೋಬಹುದು, ಹಾಕ್ಕೊಂಡೂ ಇದಾರೆ. ಅದಕ್ಕೇ ಅಸೋಸಿಯೇಷನ್ ಫಾರ್ ನ್ಯೂಟ್ರಿಷನ್ ಅಂತ ಒಂದಿದೆ, ಅವರದ್ದು ಸ್ವಯಂಪ್ರೇರಿತ ರಿಜಿಸ್ಟರು, ಅವರು ಮಾನ್ಯ ಮಾಡಿರೋ ಕೋರ್ಸ್ ಮಾಡಿದ್ರೆ ಅಸೋಸಿಯೇಟ್ ಅಂತ ಸೇರಿ, ಕೆಲವು ವರ್ಷ ಅನುಭವ ಆದ ಮೇಲೆ ಪೂರ್ತಿ ರಿಜಿಸ್ಟರ್ಡ್ ಆಗಬಹುದು. ನನ್ನ ರೂಮ್‌ಮೇಟ್ ಒಬ್ಬಳು, ಕೇರಳದವಳು, ಇದೇ ದಾರಿ ಹಿಡಿದಳು. ಈಗ ಒಂದು ಫುಡ್ ಕಂಪನೀಲಿ ಲೇಬಲ್ ನೋಡ್ಕೋತಾಳೆ: ಪ್ಯಾಕೆಟ್ ಮುಂದೆ ಕೊಬ್ಬು, ಸಕ್ಕರೆ, ಉಪ್ಪಿಗೆ ಕೆಂಪು-ಹಳದಿ-ಹಸಿರು ಬಣ್ಣ ಇರುತ್ತಲ್ಲ ಅದರ ಲೆಕ್ಕ, 14 ಅಲರ್ಜಿ ಪದಾರ್ಥಗಳಲ್ಲಿ ಯಾವುದು ಎಲ್ಲಿ ಸೇರಿದೆ ಅನ್ನೋ ಲೆಕ್ಕ. 2018ರ ಏಪ್ರಿಲ್‌ನಲ್ಲಿ ತಂಪು ಪಾನೀಯದ ಸಕ್ಕರೆಗೆ ತೆರಿಗೆ ಬಂತು, 100 ಎಂಎಲ್‌ಗೆ 5 ಗ್ರಾಂ ದಾಟಿದ್ರೆ ಒಂದು ದರ, 8 ದಾಟಿದ್ರೆ ಇನ್ನೂ ಜಾಸ್ತಿ, ಅದಕ್ಕೆ ಮುಂಚೆನೇ ಕಂಪನಿಗಳು ಫಾರ್ಮುಲಾ ಬದಲಾಯಿಸೋಕೆ ಓಡಾಡಿದ್ವು, ಇವಳಂಥವರಿಗೆ ಕೈತುಂಬ ಕೆಲಸ. ಸಂಬಳ ನನಗಿಂತ ಜಾಸ್ತಿ, ಕೋಪ ಬರುತ್ತೆ ಬಿಡು. ಕೌನ್ಸಿಲ್‌ಗಳಲ್ಲಿ (ನಮ್ಮ ನಗರಸಭೆ ಥರ), ಸ್ಕೂಲ್ ಊಟದ ಯೋಜನೆಗಳಲ್ಲಿ, ರಿಸರ್ಚಲ್ಲೂ ಕೆಲಸ ಇದೆ. ಆದ್ರೆ ಆ ಕಡೆ ವೀಸಾ ಸ್ಪಾನ್ಸರ್ ಮಾಡೋರು ಸಿಗೋದು ಕಷ್ಟ, ಆ ವೀಸಾಗೆ ಬೇಕಾದ ಕನಿಷ್ಠ ಸಂಬಳದ ಮಿತೀನ ಏರಿಸ್ತಾನೇ ಇದಾರೆ.

ವೀಸಾ ಅಂದ ಕೂಡಲೇ ಒಂದು ಹೇಳ್ತೀನಿ. ನಾನು ಅರಸೀಕೆರೆಯಿಂದ ಬಂದಿದ್ದು 2010ರ ಸೆಪ್ಟೆಂಬರ್‌ನಲ್ಲಿ. ಓದು ಮುಗಿದ ಮೇಲೆ ಎರಡು ವರ್ಷ ಇದ್ದು ಕೆಲಸ ಮಾಡಬಹುದು ಅಂತ ಲೆಕ್ಕ ಹಾಕಿ ಅಪ್ಪ ಸಾಲ ಮಾಡಿದ್ರು. ನನ್ನ ಕೋರ್ಸ್ ಮುಗಿಯೋಕೆ ಮುಂಚೆ, 2012ರ ಏಪ್ರಿಲ್‌ನಲ್ಲಿ, ಆ ವೀಸಾನೇ ಮುಚ್ಚಿಬಿಟ್ರು. ಒಂದು ಆಸ್ಪತ್ರೆ ಸ್ಪಾನ್ಸರ್ ಮಾಡ್ತು, ಉಳ್ಕೊಂಡೆ. ಮತ್ತೆ 2021ರಲ್ಲಿ ಗ್ರಾಜುಯೇಟ್ ವೀಸಾ ಅಂತ ಶುರು ಮಾಡಿದ್ರು, ಅದಕ್ಕೂ ಈಗ ಕತ್ತರಿ: 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ ಎರಡು ವರ್ಷದ ಬದಲು 18 ತಿಂಗಳು. ನೀನು ಮುಗಿಸೋ ಹೊತ್ತಿಗೆ ಅಷ್ಟೇ ಸಿಗೋದು. ಸಾಲದ ಲೆಕ್ಕ ಹಾಕುವಾಗ ಇವತ್ತಿನ ರೂಲ್ ನಾಳೆನೂ ಇರುತ್ತೆ ಅಂತ ಹಾಕಬೇಡ. ಆಸ್ಪತ್ರೇಲಿ ಹೊಸ ಡಯಟೀಷಿಯನ್‌ಗೆ ಬ್ಯಾಂಡ್ 5 ಅನ್ನೋ ಸಂಬಳದ ಶ್ರೇಣಿ, 2025-26ರಲ್ಲಿ ಅದು ವರ್ಷಕ್ಕೆ ಸುಮಾರು 31 ಸಾವಿರ ಪೌಂಡಿಂದ ಶುರುವಾಗ್ತಿತ್ತು. ರೂಪಾಯಿಗೆ ಗುಣಿಸಿ ಖುಷಿ ಪಡಬೇಡ, ಬಾಡಿಗೆ ಕಟ್ಟೋದು ಪೌಂಡಲ್ಲೇ.

ಇನ್ನು ಓದಿನ ವಿಷಯ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ ನಮ್ಮ ಹುಡುಗೀರಿಗೆ ಭಯ ಇಲ್ಲ, ಉರು ಹೊಡೆದು ಬಂದಿರ್ತೀವಿ. ಬಂದ ಹೊಸದರಲ್ಲಿ ನಮಗೆ ಕೊಟ್ಟ ಕೆಲಸ ಅಂದ್ರೆ ಮೂರು ದಿನ ನಾವೇ ತಿಂದಿದ್ದೆಲ್ಲಾ ತೂಕ ಮಾಡಿ ಬರೆದು ಸಾಫ್ಟ್‌ವೇರಿಗೆ ಹಾಕಿ ಪೋಷಕಾಂಶ ತೆಗೀಬೇಕು. ನಾನು ಹಾಸ್ಟೆಲ್ ಕಿಚನ್‌ನಲ್ಲಿ ಮುದ್ದೆ ತೊಳಸಿ ತಕ್ಕಡಿ ಮೇಲೆ ಇಟ್ಟೆ, ಪಕ್ಕದಲ್ಲಿ ಪಾಸ್ತಾ ಬೇಯಿಸ್ತಿದ್ದ ಹುಡುಗ ಫೋಟೋ ತಗೊಂಡ. ಸಾಫ್ಟ್‌ವೇರಲ್ಲಿ ಮುದ್ದೇನೂ ಇಲ್ಲ ಉಪ್ಸಾರೂ ಇಲ್ಲ. ಒಣ ಹಿಟ್ಟಿನ ತೂಕ, ನೀರಿನ ತೂಕ ಬೇರೆ ಬೇರೆ ಮಾಡಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪುಸ್ತಕದ ಅಂಕಿ ಹಿಡಿದು ಕೈಯಲ್ಲೇ ಲೆಕ್ಕ ಹಾಕಿ ಕೊಟ್ಟೆ. ರಾಗೀಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಹಾಲಲ್ಲಿ 120ರ ಆಸುಪಾಸು, ಮೇಡಂ ಎರಡು ಸಲ ಕೇಳಿದ್ರು ಇದು ನಿಜಾನಾ ಅಂತ. (ರಾಗೀಲಿರೋದೆಲ್ಲಾ ಮೈಗೆ ಹತ್ತಲ್ಲ, ಅದರಲ್ಲೇ ಇರೋ ಫೈಟೇಟ್ ಅನ್ನೋ ಪದಾರ್ಥ ಅಡ್ಡ ಬರುತ್ತೆ, ಮೊಳಕೆ ಕಟ್ಟಿದ್ರೆ ಒಂದಿಷ್ಟು ಕಮ್ಮಿಯಾಗುತ್ತೆ, ಅದನ್ನೂ ಬರೆದಿದ್ದೆ.) ಆ ಪುಸ್ತಕದ ಹೊಸ ಆವೃತ್ತಿ 2017ರಲ್ಲಿ ಬಂದಿದೆ, ಇಟ್ಕೊಂಡಿರು.

ಕಷ್ಟ ಇರೋದು ಪ್ಲೇಸ್‌ಮೆಂಟಲ್ಲಿ. ನಮ್ಮ ತಲೇಲಿ ಡಯಟೀಷಿಯನ್ ಅಂದ್ರೆ ಚಾರ್ಟ್ ಬರೆದು ಕೊಡೋಳು, ಅನ್ನ ಬಿಡಿ ಸಕ್ಕರೆ ಬಿಡಿ ಅಂತ ಪಥ್ಯ ಹೇಳೋಳು. ಇಲ್ಲಿ ವಾರ್ಡಿಗೆ ಹೋದ್ರೆ ಅರ್ಧಕ್ಕರ್ಧ ಜನ ತೂಕ ಇಳಿದು ಬಂದಿರೋ ಮುದುಕರು. ಅವರಿಗೆ ನಾವು ಹೇಳೋದು ಉಲ್ಟಾ, ಗಂಜಿಗೆ ಕ್ರೀಮ್ ಹಾಕಿ, ಆಲೂಗಡ್ಡೆಗೆ ಬೆಣ್ಣೆ ಹಾಕಿ, ಪೂರ್ತಿ ಕೆನೆಯಿರೋ ಹಾಲು ಕುಡೀರಿ ಅಂತ. ಸ್ಟ್ರೋಕ್ ಆಗಿ ನುಂಗಕ್ಕಾಗದವರಿಗೆ ಮೂಗಿಂದ ಟ್ಯೂಬು, ಗಂಟೆಗೆ ಎಷ್ಟು ಎಂಎಲ್ ಹೋಗಬೇಕು ಅಂತ ಲೆಕ್ಕ.

ನನ್ನ ಎರಡನೇ ಪ್ಲೇಸ್‌ಮೆಂಟಲ್ಲಿ ಒಬ್ಬರು ಅಜ್ಜ ಇದ್ರು, ಬಿಳಿಯರು, ಎಂಬತ್ತರ ಹತ್ತಿರ, ಪ್ಯಾಂಟು ಸೊಂಟದಲ್ಲಿ ನಿಲ್ತಿರಲಿಲ್ಲ. ನಾನು ಬಿಎಂಐ, ಆರು ತಿಂಗಳಲ್ಲಿ ಇಳಿದ ತೂಕ, ಬ್ಲಡ್ ರಿಪೋರ್ಟು ಎಲ್ಲಾ ನೀಟಾಗಿ ಬರ್ಕೊಂಡಿದ್ದೆ. ಏನು ತಿಂತೀರಿ ಅಂದ್ರೆ "ಚೆನ್ನಾಗೇ ತಿಂತೀನಿ" ಅಂದ್ರು, ಬೆಳಿಗ್ಗೆ ಟೋಸ್ಟು, ಮಧ್ಯಾಹ್ನ ಸೂಪು, ರಾತ್ರಿ ಏನಾದ್ರೂ. ನನ್ನ ಸೂಪರ್‌ವೈಸರ್ ಪಕ್ಕದಲ್ಲಿ ಕುರ್ಚಿ ಎಳ್ಕೊಂಡು ಕೂತು ಒಂದೇ ಪ್ರಶ್ನೆ ಕೇಳಿದ್ರು: ಮನೇಲಿ ಅಡುಗೆ ಯಾರು ಮಾಡೋದು? ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ. ಹೆಂಡತಿ ಹೋಗಿ ಐದು ತಿಂಗಳಾಗಿತ್ತು, ಒಲೆ ಹಚ್ಚೋಕೆ ಇವರಿಗೆ ಬರ್ತಿರಲಿಲ್ಲ, ಆ ಸೂಪೂ ಡಬ್ಬಿಯಿಂದ ಹಂಗೇ ತಣ್ಣಗೆ ಕುಡೀತಿದ್ರಂತೆ. ಆಮೇಲೆ ಅವರಿಗೆ ಮಾಡಿಕೊಟ್ಟಿದ್ದು ಚಾರ್ಟಲ್ಲ, ಮನೆ ಬಾಗಿಲಿಗೆ ಬಿಸಿ ಊಟ ಬರೋ ವ್ಯವಸ್ಥೆ, ಜೊತೆಗೆ ಮೈಕ್ರೋವೇವ್ ಹೆಂಗೆ ಬಳಸೋದು ಅಂತ ತೋರಿಸಿದ್ದು.

ನಮ್ಮೂರಲ್ಲಿ ಆ ಪ್ರಶ್ನೆ ಯಾರ ಬಾಯಲ್ಲೂ ಬರಲ್ಲ, ಯಾರೋ ಮಾಡ್ತಾರೆ ಅಂತಾನೇ ನಮ್ಮ ಲೆಕ್ಕ, ಆ ಯಾರೋ ಅಂದ್ರೆ ಅಮ್ಮ. ನಮ್ಮಮ್ಮ ಹೋಗಿ ಈಗ ವರ್ಷಗಳಾದ್ವು. ಅಪ್ಪ ಅರಸೀಕೆರೆ ಮನೇಲಿ ಒಬ್ಬರೇ, ಮೆಸ್ಸಿಂದ ಕ್ಯಾರಿಯರ್ ಬರುತ್ತೆ. ಫೋನ್ ಮಾಡಿದ್ರೆ "ಊಟ ಆಯ್ತಮ್ಮ, ನಿಂದಾಯ್ತಾ" ಅಂತಾರೆ. ದಿನಾ ಕಂಡೋರ ಮನೆ ಅಡುಗೆ ವಿಚಾರ ಕೆದಕಿ ಕೆದಕಿ ಕೇಳೋದೇ ನನ್ನ ಕಸುಬು, ಅಪ್ಪನ ಹತ್ರ ಮಾತ್ರ ಆ ಉತ್ತರ ಕೇಳಿ ಸುಮ್ಮನಾಗಬೇಕು. ಇಲ್ಲಿಗೆ ಬಾ ಅಂದ್ರೆ ಬರಲ್ಲ. ನೀನು ಒಬ್ಬಳೇ ಮಗಳು ಅಂತ ಬರೆದಿದ್ದೀಯಲ್ಲ, ಅದಕ್ಕೇ ಇದನ್ನ ಹೇಳಿದೆ, ಹೆದರಿಸೋಕಲ್ಲ.

ಒಂದು ಖುಷಿ ವಿಷಯಾನೂ ಹೇಳ್ತೀನಿ. ಒಂದ್ಸಲ ನಮ್ಮ ವಾರ್ಡಲ್ಲಿ ನಮ್ಮ ಕಡೆಯ ಅಜ್ಜಿ ಒಬ್ಬರು, ಮಗನ ಮನೆಗೆ ಬಂದೋರು, ಹಾಸಿಗೆ ಹಿಡಿದಿದ್ರು. ಚಾರ್ಟಲ್ಲಿ ದಿನಾ ಬೆಳಿಗ್ಗೆ "ತಿಂಡಿ ನಿರಾಕರಿಸಿದ್ದಾರೆ" ಅಂತ ನರ್ಸ್ ಬರೀತಿದ್ರು, ಟ್ಯೂಬ್ ಹಾಕೋ ಮಾತೂ ಬಂದಿತ್ತು. ನಾನು ಹೋಗಿ ಯಾಕಜ್ಜಿ ಅಂದ್ರೆ, "ಸ್ನಾನ ಆಗದೆ ಹೆಂಗೆ ತಿನ್ಲಿ ಮಗಳೇ" ಅಂದ್ರು. ತಿಂಡಿ ಬರ್ತಿದ್ದದ್ದು ಎಂಟಕ್ಕೆ, ಮೈ ಒರೆಸ್ತಿದ್ದದ್ದು ಹನ್ನೊಂದಕ್ಕೆ. ಅದನ್ನ ಏಳೂವರೆಗೆ ಮಾಡಿಸಿದ್ವಿ, ಅಷ್ಟೇ. ಆವತ್ತು ನನ್ನ ಜಂಬ ನೋಡಬೇಕಿತ್ತು.

ಉಳಿದಿದ್ದು ಚುಟುಕಾಗಿ. ಚಳಿ ಅಭ್ಯಾಸ ಆಗುತ್ತೆ, ಚಳಿಗಾಲದ ಕತ್ತಲೆ ಮಾತ್ರ ಅಭ್ಯಾಸ ಆಗಲ್ಲ. ನಮ್ಮ ಬಣ್ಣದವರಿಗೆ ಇಲ್ಲಿನ ಬಿಸಿಲು ಸಾಲಲ್ಲ, ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ವರ್ಷಪೂರ್ತಿ ತಗೋ. ರಾಗಿ ಹಿಟ್ಟು ಲೆಸ್ಟರ್‌ನ ಬೆಲ್‌ಗ್ರೇವ್ ರೋಡಲ್ಲಿ ಸಿಗುತ್ತೆ, ಹೊತ್ಕೊಂಡು ಬರಬೇಡ, ಕುಕ್ಕರ್ ತಾ, ಗ್ಯಾಸ್ಕೆಟ್ ಒಂದೆರಡು ಜಾಸ್ತಿ ಇಟ್ಕೋ. ಪಾರ್ಟ್‌ಟೈಮು ವಾರಕ್ಕೆ 20 ಗಂಟೆ ಕಾನೂನು ಬಿಡುತ್ತೆ, ಪ್ಲೇಸ್‌ಮೆಂಟ್ ಇರೋ ಕೋರ್ಸ್ ಮಾಡಿದ್ರೆ ಮೈ ಬಿಡಲ್ಲ.

ಸದ್ಯಕ್ಕೆ ಡೆಪಾಸಿಟ್ ಕಟ್ಟಬೇಡ. ನಿನಗೆ ಆಸ್ಪತ್ರೆನೇ ಬೇಕಾ, ಇಲ್ಲಾ ಫುಡ್ ಕಂಪನಿ, ಪಬ್ಲಿಕ್ ಹೆಲ್ತ್ ಆದ್ರೂ ಸರೀನಾ ಅಂತ ಯೋಚಿಸಿ ಹೇಳು. ಆಸ್ಪತ್ರೆನೇ ಅಂದ್ರೆ ಪ್ರಿ-ರಿಜಿಸ್ಟ್ರೇಷನ್ ಇರೋ ಯೂನಿವರ್ಸಿಟಿಗಳಿಗೆ ಮೇಲ್ ಹಾಕಿ ಎರಡೇ ಪ್ರಶ್ನೆ ಕೇಳು, ಹೊರದೇಶದವರಿಗೆ ಸೀಟು ಇದೆಯಾ, ನನ್ನ ಬಿಎಸ್ಸೀಲಿರೋ ಬಯೋಕೆಮಿಸ್ಟ್ರಿ ಫಿಸಿಯಾಲಜಿ ಸಾಕಾಗುತ್ತಾ ಅಂತ. ನಿನ್ನ ಮಾರ್ಕ್ಸ್ ಕಾರ್ಡು, ಸಿಲಬಸ್ ಕಳಿಸಿದ್ರೆ ಭಾನುವಾರ ಕೂತು ನೋಡ್ತೀನಿ.